ನಾಲ್ಕು ನಿಮಿಷದ ಪ್ಲೇಟು, ನಲವತ್ತು ನಿಮಿಷದ ಸೊನಾಟಾ

ಪಿಯಾನೋ ಸೊನಾಟಾ ಪುರುಸೊತ್ತಿನ ಕಲೆ. ಹೈಡನ್, ಮೊಜಾರ್ಟ್ ಕಾಲದಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಬೇಥೋವನ್, ಶೂಬರ್ಟ್ ಕೈಯಲ್ಲಿ ಬೆಳೆದು ನಲವತ್ತು ನಿಮಿಷ ಮುಟ್ಟಿತು. ಸಾಮಾನ್ಯವಾಗಿ ಮೂರೋ ನಾಲ್ಕೋ ಭಾಗಗಳು. ಒಂದೊಂದಕ್ಕೂ ಅದರದೇ ಕಾಲಪ್ರಮಾಣ, ಅದರದೇ ಭಾವ. ಮೊದಲ ಭಾಗದಲ್ಲಿ ಒಂದು ರಾಗಖಂಡ ತನ್ನ ಆಧಾರಶ್ರುತಿ ಬಿಟ್ಟು ಹೊರಡುತ್ತದೆ, ಬೇರೆ ಬೇರೆ ಶ್ರುತಿಗಳಲ್ಲಿ ಅಲೆಯುತ್ತದೆ, ಕೊನೆಗೆ ಹೊರಟಲ್ಲಿಗೇ ಮರಳುತ್ತದೆ. ಹೊರಟದ್ದು ನೆನಪಿದ್ದವರಿಗೆ ಮಾತ್ರ ಮರಳಿದ್ದು ಗೊತ್ತಾಗುತ್ತದೆ. ನಡುವೆ ಕೇಳುಗನ ಗಮನ ತುಂಡಾಯಿತೋ, ಅರ್ಧ ಸಂಗೀತ ಕೈಬಿಟ್ಟಂತೆ. ಇಂಥದ್ದನ್ನು ಹಿಡಿದಿಡಲು ಇಪ್ಪತ್ತನೆಯ ಶತಮಾನದ ಮೊದಲರ್ಧಕ್ಕೆ ಸಿಕ್ಕ ಸಾಧನವೋ, ಮಗ್ಗುಲಿಗೆ ಹೆಚ್ಚೆಂದರೆ ನಾಲ್ಕೂವರೆ ನಿಮಿಷ ಹಾಡಿ ಸುಮ್ಮನಾಗುವ ಗ್ರಾಮಫೋನ್ ಪ್ಲೇಟು. ಈ ಎರಡರ ನಡುವಿನ ಜಗ್ಗಾಟವೇ ಹಳೆಯ ಸೊನಾಟಾ ಧ್ವನಿಮುದ್ರಣಗಳ ಕಥೆ. ಅದು ತಿಳಿಯದೆ ಕೇಳಿದರೆ ಕಿವಿಗೆ ಬೀಳುವುದು ಕರಕರ ಸದ್ದು ಮಾತ್ರ.

ಪಿಯಾನೋವಾದನದ ಅತಿ ಹಳೆಯ ಮುದ್ರಣಗಳಲ್ಲಿ ಬ್ರಾಮ್ಸ್‌ನದೂ ಒಂದು. 1889ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ಎಡಿಸನ್ ಯಂತ್ರದ ಮುಂದೆ ಅವನು ಸ್ವಲ್ಪ ನುಡಿಸಿದ್ದು ಮೇಣದ ಉರುಳೆಯ ಮೇಲೆ ಉಳಿದಿದೆ. ಅದು ಚರಿತ್ರೆಗೆ ಸಾಕು, ರಸಕ್ಕೆ ಸಾಲದು. ಸೊನಾಟಾದ ಮಟ್ಟಿಗೆ ಕೇಳತಕ್ಕ ಮೊದಲ ದಾಖಲೆ ನಾರ್ವೆಯ ಎಡ್ವರ್ಡ್ ಗ್ರೀಗ್‌ನದು. 1903ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದಾಗ ಅರವತ್ತರ ಹೊಸ್ತಿಲಲ್ಲಿದ್ದ ಗ್ರೀಗ್ ಕೆಲವು ಪ್ಲೇಟುಗಳಿಗೆ ನುಡಿಸಿದ. ತಾನು 1865ರಲ್ಲಿ, ಹುಡುಗುತನದಲ್ಲಿ, ರಚಿಸಿದ್ದ ಇ ಮೈನರ್ ಸೊನಾಟಾದ ಕೊನೆಯ ಎರಡು ಭಾಗಗಳನ್ನು ಅವನು ಅಲ್ಲಿ ನುಡಿಸಿದ್ದಾನೆ. ಪೂರ್ತಿ ಹಿಡಿಸುವುದಿಲ್ಲವೆಂದು ಅಂತ್ಯಭಾಗಕ್ಕೆ ಕತ್ತರಿ ಬಿದ್ದಿದೆ. ಆಗಿನ್ನೂ ಮೈಕ್ರೋಫೋನ್ ಇರಲಿಲ್ಲ. ವಾದ್ಯದ ಮುಂದೆ ದೊಡ್ಡದೊಂದು ಹಾರ್ನ್. ಅದರ ಕಿರಿದಾದ ತುದಿಯಲ್ಲಿ ತೆಳ್ಳನೆಯ ಪೊರೆ. ಪೊರೆ ನಡುಗಿದಂತೆ ಮುಳ್ಳು ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಮನುಷ್ಯನ ಕಂಠಕ್ಕೆ ಈ ಏರ್ಪಾಡು ಒಗ್ಗಿತು, ಪಿಯಾನೋಕ್ಕೆ ಒಗ್ಗಲಿಲ್ಲ. ಮಂದ್ರದ ತಂತಿಗಳ ಗುಂಗು ಹಾರ್ನಿಗೆ ದಕ್ಕುತ್ತಿರಲಿಲ್ಲ, ತಾರದ ಹೊಳಪು ಪೊರೆಗೆ ದಕ್ಕುತ್ತಿರಲಿಲ್ಲ. ಉಳಿದದ್ದು ನಡುವಿನ ಒಂದು ತುಂಡು ನಾದ. ಆದರೂ ಗ್ರೀಗ್‌ನ ಆ ಅಂತ್ಯಭಾಗದಲ್ಲಿ ಒಂದು ವಿಷಯ ಸಂದೇಹವಿಲ್ಲದೆ ಕೇಳಿಸುತ್ತದೆ: ಇಂದಿನ ವಾದಕರು ಗ್ರೀಗ್‌ಗೆ ತೋರಿಸುವ ನಯನಾಜೂಕು ಸ್ವತಃ ಗ್ರೀಗ್‌ಗೆ ಇರಲಿಲ್ಲ. ಅವನು ನುಗ್ಗಿ ನುಡಿಸುತ್ತಾನೆ.

ಇದಕ್ಕೆ ಆರು ತಿಂಗಳು ಮೊದಲು, 1902ರ ನವೆಂಬರಿನಲ್ಲಿ, ಗ್ರೀಗ್‌ನ ಪ್ಲೇಟುಗಳನ್ನು ತೆಗೆದ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡಿದ್ದ. ಮುಂದೆ ಮೈಸೂರು ಆಸ್ಥಾನದ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದ ಆಕೆ, ಗಂಟೆಗಟ್ಟಲೆ ಹರಡಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಿ ಮುಗಿಸುತ್ತಿದ್ದಳು. ನಮ್ಮ ಸಂಗೀತಗಾರರು ಪ್ಲೇಟಿಗೆ ಬೇಗ ಹೊಂದಿಕೊಂಡದ್ದು ಮನೋಧರ್ಮದ ಬಲದಿಂದ. ಎಷ್ಟು ಹಾಡಬೇಕೆಂಬ ತೀರ್ಮಾನ ಹಾಡುವವರ ಕೈಯಲ್ಲೇ ಇತ್ತು. ಸೊನಾಟಾಕ್ಕೆ ಆ ಸೌಕರ್ಯವಿಲ್ಲ. ಸ್ವರ ಸ್ವರವೂ ಬರೆದಿಟ್ಟದ್ದು. ಅದನ್ನು ಇಳಿಸುವುದೆಂದರೆ ಕತ್ತರಿಸುವುದೇ. ಹಾಗಾಗಿ 1920ರ ದಶಕದವರೆಗೆ ಮಾರಾಟವಾದದ್ದು ಬಹುಪಾಲು ಬಿಡಿ ಭಾಗಗಳು, ಮೊಟಕಾದ ಭಾಗಗಳು. ಬೇಥೋವನ್‌ನ ‘ಮೂನ್‌ಲೈಟ್’ನ ನಿಧಾನದ ಮೊದಲ ಭಾಗ ಒಂದು ಪ್ಲೇಟು, ಶೋಪಾಂನ ಶವಯಾತ್ರೆಯ ನಡೆ ಇನ್ನೊಂದು ಪ್ಲೇಟು. ಲಿಸ್ಟ್‌ನ ಶಿಷ್ಯನಾಗಿದ್ದ ಸ್ಕಾಟ್ಲೆಂಡಿನ ಫ್ರೆಡರಿಕ್ ಲ್ಯಾಮಂಡ್ ಆ ದಶಕದಲ್ಲಿ ಬೇಥೋವನ್‌ನ ಹೆಸರಾಂತ ಸೊನಾಟಾಗಳನ್ನು ಮುದ್ರಿಸತೊಡಗಿದ ಮೇಲೆ ಕೇಳುಗರಿಗೆ ಒಂದಿಷ್ಟು ಇಡಿಯಾದದ್ದು ಸಿಕ್ಕಿತು.

1925ರಲ್ಲಿ ಮೈಕ್ರೋಫೋನ್ ಬಂತು. ಪಿಯಾನೋದ ಮಂದ್ರಕ್ಕೆ ಮೊದಲ ಸಲ ಮೈ ಬಂತು. ಸುತ್ತಿಗೆ ತಂತಿಗೆ ತಾಗುವ ಸದ್ದು, ಪೆಡಲ್ ಒತ್ತಿದಾಗ ನಾದ ತೆರೆದುಕೊಳ್ಳುವ ಬಗೆ ಎಲ್ಲ ಕೇಳಿಸತೊಡಗಿತು. ಕೊರೆಯುವುದು ಮಾತ್ರ ಮೇಣದಲ್ಲೇ, ಮಗ್ಗುಲಿಗೆ ನಾಲ್ಕು ನಿಮಿಷ ಚಿಲ್ಲರೆಯೇ. ಮೇಣದ ಬಿಲ್ಲೆಯನ್ನು ಹಾಕಿ ಕೇಳಿದರೆ ಅದರ ಗೆರೆ ಹಾಳಾಗುತ್ತಿತ್ತು; ಆದ್ದರಿಂದ ಅಚ್ಚಿಗೆ ಹೋಗಬೇಕಾದ ಬಿಲ್ಲೆಯನ್ನು ಸ್ಟುಡಿಯೋದಲ್ಲಿ ಕೇಳುವಂತಿರಲಿಲ್ಲ. ನುಡಿಸಿದವರಿಗೆ ತಮ್ಮ ವಾದನ ತಲುಪುತ್ತಿದ್ದದ್ದು ವಾರಗಳ ನಂತರ, ಪರೀಕ್ಷೆಯ ಪ್ಲೇಟು ಅಂಚೆಯಲ್ಲಿ ಬಂದಾಗ. ನಾಲ್ಕನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಮಗ್ಗುಲೆಲ್ಲ ಮತ್ತೆ ಮೊದಲಿಂದ ಆಗಬೇಕು. ತಪ್ಪಿದ ಸ್ವರವೊಂದನ್ನು ತೆಗೆದು ಸರಿಯಾದದ್ದನ್ನು ಅಂಟಿಸುವ ವಿದ್ಯೆ ಟೇಪು ಬರುವವರೆಗೆ ಯಾರಿಗೂ ಇರಲಿಲ್ಲ.

ಈ ಕಟ್ಟುಪಾಡಿನೊಳಗೆ ನಡೆದ ಅತಿ ದೊಡ್ಡ ಕೆಲಸ ಆರ್ಟುರ್ ಶ್ನಾಬೆಲ್‌ನದು. 1882ರಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದ ಶ್ನಾಬೆಲ್ ಎಳವೆಯಲ್ಲೇ ವಿಯೆನ್ನಾಕ್ಕೆ ಬಂದು ಥಿಯೊಡೋರ್ ಲೆಷೆಟಿಟ್ಸ್ಕಿಯ ಬಳಿ ಕಲಿತ. ಲೆಷೆಟಿಟ್ಸ್ಕಿ ಕಲಿತದ್ದು ಚೆರ್ನಿಯ ಬಳಿ, ಚೆರ್ನಿ ಕಲಿತದ್ದು ಬೇಥೋವನ್ ಬಳಿ. ಗುರುಪರಂಪರೆಯ ಲೆಕ್ಕಕ್ಕೆ ಇದಕ್ಕಿಂತ ನೇರವಾದ ದಾರಿ ಬೇಕಿಲ್ಲ. ಆದರೆ ಶ್ನಾಬೆಲ್ ಬಹಳ ವರ್ಷ ಗ್ರಾಮಫೋನಿನ ಹತ್ತಿರ ಸುಳಿಯಲಿಲ್ಲ. ಒಂದೊಂದು ಸಲವೂ ಹೊಸದಾಗಬೇಕಾದ ವಾದನವನ್ನು ಒಂದೇ ರೂಪದಲ್ಲಿ ಗಟ್ಟಿ ಮಾಡಿಡುವುದು ಅವನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಐವತ್ತರ ಹತ್ತಿರ ಬಂದಾಗ ಅವನನ್ನು ಒಪ್ಪಿಸಿದ್ದು ಎರಡು ಸಂಗತಿ: ಬೇಥೋವನ್‌ನ 32 ಸೊನಾಟಾಗಳನ್ನೂ ಒಂದೂ ಬಿಡದೆ ಮುದ್ರಿಸುವ ಮಾತು, ಮತ್ತು ಗೈಸ್‌ಬರ್ಗ್‌ನ ಪಟ್ಟು. ಕಲ್ಕತ್ತೆಗೆ ಬಂದಿದ್ದ ಅದೇ ಗೈಸ್‌ಬರ್ಗ್ ಅಷ್ಟು ಹೊತ್ತಿಗೆ ಎಚ್‌ಎಂವಿಯ ಹಿರಿತಲೆಯಾಗಿದ್ದ.

ಹಣ ಹೊಂದಿಸಿದ್ದು ಚಂದಾ ಪದ್ಧತಿಯಿಂದ. ಆರ್ಥಿಕ ಕುಸಿತದ ದಿನಗಳಲ್ಲಿ ಬೇಥೋವನ್‌ನ ಕೊನೆಯ ಸೊನಾಟಾಗಳ ಪ್ಲೇಟು ಅಂಗಡಿಯಲ್ಲಿಟ್ಟು ಗಿರಾಕಿಗೆ ಕಾಯುವ ಧೈರ್ಯ ಯಾವ ಕಂಪನಿಗೂ ಇರಲಿಲ್ಲ. ಕಂಪನಿಯ ತರುಣ ನೌಕರ ವಾಲ್ಟರ್ ಲೆಗ್ ಉಪಾಯ ಹೂಡಿದ: ಮೊದಲು ಸೊಸೈಟಿ ಕಟ್ಟುವುದು, ಸದಸ್ಯರಿಂದ ಮುಂಗಡ ಪಡೆಯುವುದು, ಆಮೇಲೆ ಮುದ್ರಿಸುವುದು. ಹಾಗೆ ಹುಟ್ಟಿದ್ದು ಬೇಥೋವನ್ ಸೊನಾಟಾ ಸೊಸೈಟಿ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋ ತೆರೆದು ಎರಡು ತಿಂಗಳಾಗಿತ್ತಷ್ಟೆ. 1932ರ ಜನವರಿಯಲ್ಲಿ ಶ್ನಾಬೆಲ್ ಅಲ್ಲಿ ತನ್ನ ಮೆಚ್ಚಿನ ಬೆಕ್‌ಸ್ಟೈನ್ ಪಿಯಾನೋ ಮುಂದೆ ಕೂತ. ಕೆಲಸ ಮುಗಿದದ್ದು 1935ರಲ್ಲಿ. ನಡುವೆ, 1933ರಲ್ಲಿ, ಹಿಟ್ಲರನ ಆಡಳಿತ ಬಂದದ್ದರಿಂದ ಯೆಹೂದ್ಯನಾದ ಅವನು ಬರ್ಲಿನ್ನಿನ ಮನೆಮಠ ಬಿಟ್ಟು ಹೊರಟಿದ್ದ. ಹೆಚ್ಚು ಕಡಿಮೆ ಹತ್ತು ಗಂಟೆಗಳಷ್ಟು ಸಂಗೀತ, ಎಲ್ಲ ನಾಲ್ಕು ನಾಲ್ಕು ನಿಮಿಷದ ತುಂಡುಗಳಲ್ಲಿ. ಮೂವತ್ತೆರಡನ್ನೂ ಧ್ವನಿಮುದ್ರಿಸಿದವರಲ್ಲಿ ಶ್ನಾಬೆಲ್ ಮೊದಲಿಗ.

ಆ ಮುದ್ರಣಗಳಲ್ಲಿ ಎಲ್ಲರೂ ಬೆರಳು ಮಾಡಿ ತೋರಿಸುವುದು ಓಪಸ್ 106, ‘ಹ್ಯಾಮರ್‌ಕ್ಲಾವಿಯರ್’. ಬೇಥೋವನ್ ಮೆಟ್ರೊನೋಮ್ ಲೆಕ್ಕ ಬರೆದಿಟ್ಟ ಪಿಯಾನೋ ಸೊನಾಟಾ ಇದೊಂದೇ. ಮೊದಲ ಭಾಗಕ್ಕೆ ಅವನು ಕೊಟ್ಟದ್ದು ನಿಮಿಷಕ್ಕೆ 138 ಎಣಿಕೆ. ಅಷ್ಟು ವೇಗದಲ್ಲಿ ಇದನ್ನು ನುಡಿಸಲಾಗದು, ಕಿವುಡನಾಗಿದ್ದ ಬೇಥೋವನ್ ಎಲ್ಲೋ ಎಡವಿದ್ದಾನೆ, ಅವನ ಮೆಟ್ರೊನೋಮೇ ಕೆಟ್ಟಿತ್ತು ಎಂದೆಲ್ಲ ವಾದಕರು ಸಬೂಬು ಹೇಳಿಕೊಂಡು ಹನ್ನೊಂದು ಹನ್ನೆರಡು ನಿಮಿಷ ತೆಗೆದುಕೊಳ್ಳುವುದು ವಾಡಿಕೆ. ಶ್ನಾಬೆಲ್ ಬರೆದದ್ದನ್ನು ನಂಬಿ ಹೊರಟ. ಒಂಬತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸಿದ. ಮೊದಲ ಹೆಜ್ಜೆಯಲ್ಲೇ ಎಡಗೈ ತಳದ ಮನೆಯಿಂದ ಮೇಲಿನ ಸ್ವರಗುಚ್ಛಕ್ಕೆ ಹಾರಬೇಕು. ಆ ಹಾರಾಟದ ವೇಗವೇ ಕೇಳುಗನನ್ನು ಎಚ್ಚರಿಸುತ್ತದೆ. ಮುಂದೆ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ, ಕೆಲವೆಡೆ ತಪ್ಪು ಮನೆಗಳು ಸಾರಾಸಗಟಾಗಿ ಒತ್ತಿಕೊಳ್ಳುತ್ತವೆ, ಲಯ ಓಡಿಹೋಗುತ್ತದೆ. ಇಂದಿನ ಸ್ಪರ್ಧೆಯೊಂದರಲ್ಲಿ ಹೀಗೆ ನುಡಿಸಿದವರು ಮೊದಲ ಸುತ್ತು ದಾಟಲಾರರು. ಆದರೆ ಈ ಸೊನಾಟಾದ ಒಳಗಿರುವ ದುಡುಕು, ಕೈಗೆ ಸಿಗದ್ದಕ್ಕೆ ಕೈಚಾಚುವ ಹಟ ಇಷ್ಟು ಸ್ಪಷ್ಟವಾಗಿ ಕೇಳುವ ಮುದ್ರಣ ಇನ್ನೊಂದಿಲ್ಲ. ಶುದ್ಧವಾಗಿ, ಸಾವಕಾಶವಾಗಿ ನುಡಿಸಿದವರೆಲ್ಲ ಅದನ್ನು ಭವ್ಯ ಕಟ್ಟಡದಂತೆ ತೋರಿಸುತ್ತಾರೆ. ಬೇಥೋವನ್ ಕೇಳಿದ್ದು ಕಟ್ಟಡವನ್ನಲ್ಲ.

ಅದೇ ಸೊನಾಟಾದ ನಿಧಾನದ ಭಾಗ ಇದಕ್ಕೆ ತೀರ ಬೇರೆ. ಕೃತಿ ಲಂಡನ್ನಿನಲ್ಲಿ ಅಚ್ಚಿಗೆ ಹೋಗುತ್ತಿದ್ದಾಗ ಬೇಥೋವನ್ ಅಲ್ಲಿದ್ದ ಶಿಷ್ಯ ರೀಸ್‌ಗೆ ಪತ್ರ ಬರೆದು ಈ ಭಾಗದ ಮೊದಲಿಗೆ ಎರಡೇ ಸ್ವರಗಳ ಒಂದು ಆವರ್ತವನ್ನು ಸೇರಿಸಲು ಹೇಳಿದ. ಏರುವ ಎರಡು ಸ್ವರ, ಅಷ್ಟೆ. ಶ್ನಾಬೆಲ್ ಅವನ್ನು ನುಡಿಸುವುದರಲ್ಲೇ ಮುಂದಿನ ಹದಿನೆಂಟು ನಿಮಿಷದ ನಡೆ ನಿಶ್ಚಯವಾಗುತ್ತದೆ. ಈ ಹದಿನೆಂಟು ನಿಮಿಷವನ್ನು ಅವನು ಒಂದೇ ಉಸಿರಿಗೆ ನುಡಿಸಲಿಲ್ಲ ಎಂಬುದನ್ನು ಕೇಳುವಾಗ ನೆನಪಿಡಬೇಕು. ನಾಲ್ಕು ನಿಮಿಷಕ್ಕೊಮ್ಮೆ ಕೈ ಎತ್ತಿ, ಹೊಸ ಮೇಣದ ಬಿಲ್ಲೆ ಅಣಿಯಾಗುವವರೆಗೆ ಕಾದು, ದೀಪದ ಸನ್ನೆ ಆದಮೇಲೆ ಬಿಟ್ಟ ಕಡೆಯಿಂದ ಅದೇ ಭಾವದಲ್ಲಿ, ಅದೇ ಬಲದಲ್ಲಿ ಎತ್ತಿಕೊಳ್ಳಬೇಕಿತ್ತು. ಈಗ ಸಿಗುವ ಸಿ.ಡಿ.ಗಳಲ್ಲಿ ಎಂಜಿನಿಯರುಗಳು ಮಗ್ಗುಲುಗಳನ್ನು ಹೊಲಿದು ಒಂದು ಮಾಡಿದ್ದಾರೆ. ಆದರೂ ಕಿವಿಗೊಟ್ಟು ಕೇಳಿದರೆ ಹೊಲಿಗೆ ಸಿಗುತ್ತದೆ: ಹಿನ್ನೆಲೆಯ ಸುಯ್ ಸದ್ದಿನ ಬಣ್ಣ ಒಂದು ಕ್ಷಣದಲ್ಲಿ ಬದಲಾಗುತ್ತದೆ, ಪಿಯಾನೋ ಒಂದು ಗೇಣು ಹಿಂದೆ ಸರಿದಂತಾಗುತ್ತದೆ. ಸಂಗೀತ ಮಾತ್ರ ಮುರಿಯುವುದಿಲ್ಲ.

ಓಪಸ್ 111ರ ಎರಡನೆಯ ಭಾಗದಲ್ಲೂ ಹೀಗೆಯೇ. ಬೇಥೋವನ್‌ನ ಕೊನೆಯ ಸೊನಾಟಾ ಇದು. ಇದಕ್ಕಿರುವುದು ಎರಡೇ ಭಾಗ. ಎರಡನೆಯದು ಹದಿನಾರು ಆವರ್ತಗಳ ಒಂದು ಸರಳ ಹಾಡು, ಆಮೇಲೆ ಅದರ ರೂಪಾಂತರಗಳು. ಶ್ನಾಬೆಲ್ ಹಾಡನ್ನು ಅತಿ ವಿಳಂಬದಲ್ಲಿ ಎತ್ತಿಕೊಂಡು ಒಂದೊಂದು ರೂಪಾಂತರದಲ್ಲೂ ಸ್ವರಗಳನ್ನು ಇಮ್ಮಡಿ ಮುಮ್ಮಡಿಯಾಗಿಸುತ್ತ ಹೋಗುತ್ತಾನೆ, ತಳದ ಎಣಿಕೆಯನ್ನು ಬಿಡುವುದಿಲ್ಲ. ತಾಳ ಹಾಕಿಕೊಂಡು ಕೇಳುವ ಅಭ್ಯಾಸವಿರುವ ಕರ್ನಾಟಕ ಸಂಗೀತದ ಕೇಳುಗರಿಗೆ ಈ ಭಾಗ ಬೇಗ ದಕ್ಕುತ್ತದೆ. ಒಂದೇ ಪಲ್ಲವಿಯ ಮೇಲೆ ಕಾಲ ಬದಲಾಗುವುದನ್ನು ಅವರ ಕೈ ತಾನಾಗಿ ಗುರುತಿಸುತ್ತದೆ. ಕೊನೆಯಲ್ಲಿ ಬಲಗೈಯ ಎರಡು ಬೆರಳು ತಾರದ ಎರಡು ಮನೆಗಳ ನಡುವೆ ಬಿಡುವಿಲ್ಲದೆ ಕಂಪಿಸುತ್ತಿರುವಾಗ ಹಾಡು ಮರಳಿ ಬರುತ್ತದೆ. ಹಳೆಯ ಪ್ಲೇಟಿನ ಸುಯ್ ಸದ್ದಿಗೂ ಆ ಕಂಪನಕ್ಕೂ ಇಲ್ಲಿ ಗಡಿ ಅಳಿಸಿಹೋಗುತ್ತದೆ. ಪರಿಶುದ್ಧ ಡಿಜಿಟಲ್ ಮುದ್ರಣಗಳಲ್ಲಿ ಸಿಗದ ಒಂದು ಲಾಭ ಇದು ಎಂದರೆ ಎಂಜಿನಿಯರುಗಳು ಸಿಟ್ಟಾದಾರು.

ಆ ಸುಯ್ ಸದ್ದಿನ ಮೂಲ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಭಾರತಕ್ಕೂ ಪಾಲಿದೆ. ಹಳೆಯ ಪ್ಲೇಟುಗಳನ್ನು ಒತ್ತುತ್ತಿದ್ದದ್ದು ಅರಗಿನಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮರದ ರೆಂಬೆಗಳ ಮೇಲೆ ಹುಳುಗಳು ಕಟ್ಟುವ ಅರಗು ಜಗತ್ತಿನ ಗ್ರಾಮಫೋನ್ ಕಾರ್ಖಾನೆಗಳಿಗೆಲ್ಲ ಹಡಗಿನಲ್ಲಿ ಹೋಗುತ್ತಿತ್ತು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಪ್ಲೇಟಿನಲ್ಲಿ ಅರಗು ಒಂದು ಪಾಲು ಮಾತ್ರ; ಮಿಕ್ಕದ್ದು ನುಣ್ಣಗೆ ಅರೆದ ಕಲ್ಲುಪುಡಿ ಮತ್ತು ಕಪ್ಪು ಬಣ್ಣಕ್ಕೆ ಮಸಿ. ಕಲ್ಲುಪುಡಿ ಬೇಕೆಂದೇ ಹಾಕಿದ್ದು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲಿ ಅದಕ್ಕೆ ಉಜ್ಜಿ ತೇದು ಗೆರೆಯ ಆಕಾರಕ್ಕೆ ಬರಲಿ ಎಂಬ ಲೆಕ್ಕ. ಆ ಉಜ್ಜುವಿಕೆಯೇ ಸದ್ದು. ಪ್ಲೇಟು ಸವೆಯದಿರಲು ಮುಳ್ಳನ್ನು ಸವೆಸುತ್ತಿದ್ದರು. ಅದಕ್ಕೇ ಮಗ್ಗುಲಿಗೊಂದು ಹೊಸ ಮುಳ್ಳು. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಹಡಗುಗಳು ನಿಂತುಹೋದಾಗ ಪಶ್ಚಿಮದ ಕಂಪನಿಗಳು ಹಳೆಯ ಪ್ಲೇಟುಗಳನ್ನೇ ವಾಪಸು ಪಡೆದು ಕರಗಿಸಿದವು. ಎಷ್ಟು ಅಪರೂಪದ ವಾದನಗಳು ಹಾಗೆ ಇನ್ನೊಂದು ಪ್ಲೇಟಾದವೋ.

ಪಿಯಾನೋ ಮುದ್ರಣಕ್ಕೆ ಇನ್ನೂ ಎರಡು ಕಂಟಕಗಳಿವೆ. ಪ್ಲೇಟಿನ ನಡುವಿನ ತೂತು ಕೂದಲೆಳೆಯಷ್ಟು ಸರಿದಿದ್ದರೆ ಸುತ್ತಿಗೊಮ್ಮೆ ಶ್ರುತಿ ಏರಿಳಿಯುತ್ತದೆ. ಹಾಡುವವರ ಕಂಠದಲ್ಲೂ ಪಿಟೀಲಿನಲ್ಲೂ ಹೇಗೂ ಅಲುಗಾಟ ಇರುವುದರಿಂದ ಅದು ಗೊತ್ತಾಗುವುದಿಲ್ಲ; ಒಮ್ಮೆ ಹೊಡೆದ ಮೇಲೆ ಶ್ರುತಿ ಕದಲದ ಪಿಯಾನೋದಲ್ಲಿ ಥಟ್ಟನೆ ಬಯಲಾಗುತ್ತದೆ. ಎರಡನೆಯದು ವೇಗ. 78 ಸುತ್ತು ಎಂಬುದು ಹೆಸರಿಗೆ; ಬಹಳ ಹಳೆಯ ಪ್ಲೇಟುಗಳನ್ನು ನಿಮಿಷಕ್ಕೆ 74 ಸುತ್ತಿಗೂ ಕೊರೆದಿದ್ದಾರೆ, 80 ದಾಟಿಸಿಯೂ ಕೊರೆದಿದ್ದಾರೆ. 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಪಿಯಾನೋದ ಪಕ್ಕದ ಮನೆಯ ಹತ್ತಿರಕ್ಕೆ ಏರುತ್ತದೆ, ವಾದಕ ಇಲ್ಲದ ಚುರುಕನ್ನು ಪಡೆಯುತ್ತಾನೆ. ಹಳೆಯವರು ಎಲ್ಲವನ್ನೂ ಓಡಿಸಿಬಿಡುತ್ತಿದ್ದರು ಎಂಬ ದೂರಿನಲ್ಲಿ ಒಂದು ಪಾಲು ಯಂತ್ರದ್ದು.

ಇವನ್ನೆಲ್ಲ ತಿದ್ದಿ ಹೊಸ ಮಾಧ್ಯಮಕ್ಕೆ ಇಳಿಸುವುದೇ ಈಗ ಒಂದು ಕಸುಬಾಗಿದೆ. ಹುಟ್ಟಿನಿಂದಲೂ ಕಣ್ಣು ಕಾಣದ ಅಮೆರಿಕದ ವಾರ್ಡ್ ಮಾರ್‌ಸ್ಟನ್, ಅದೇ ದೇಶದ ಮಾರ್ಕ್ ಓಬರ್ಟ್-ಥಾರ್ನ್, ಸೆತ್ ವಿನ್ನರ್ ಇದರಲ್ಲಿ ಹೆಸರಾದವರು. ಶ್ನಾಬೆಲ್‌ನ ಬೇಥೋವನ್ ಒಂದೇ ಮೂಲದಿಂದ ಬಂದರೂ ಪರ್ಲ್ ಕಂಪನಿಯ ಸಿ.ಡಿ. ಒಂದು ತರಹ, ನಾಕ್ಸೋಸ್‌ನದು ಇನ್ನೊಂದು ತರಹ ಕೇಳಿಸುವುದು ಈ ಕೈಗಳ ವ್ಯತ್ಯಾಸದಿಂದ. ಸುಯ್ ಸದ್ದು ಇರುವುದು ತಾರದ ಎತ್ತರದಲ್ಲಿ. ಸುತ್ತಿಗೆ ತಂತಿಗೆ ತಾಗಿದ ಕ್ಷಣದ ಕಿಡಿಯೂ ಅಲ್ಲೇ. ಒಂದನ್ನು ಒರೆಸಿದರೆ ಇನ್ನೊಂದೂ ಹೋಗುತ್ತದೆ. ಸದ್ದನ್ನು ಪೂರ್ತಿ ಕಳೆದ ಮುದ್ರಣಗಳಲ್ಲಿ ಪಿಯಾನೋ ಕಂಬಳಿ ಹೊದ್ದು ಕೂತಂತೆ ಕೇಳಿಸುತ್ತದೆ. ಮೊದಲು ಕೇಳಲು ಹಿತವಾದರೂ ಹತ್ತು ನಿಮಿಷದಲ್ಲಿ ಬೇಸರ ಬರುತ್ತದೆ. ಸದ್ದು ಉಳಿಸಿದ ಮುದ್ರಣದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು: ಮೊದಲ ಎರಡು ನಿಮಿಷ ಕಿರಿಕಿರಿ, ಆಮೇಲೆ ಕಿವಿ ತಾನೇ ಅದನ್ನು ಪಕ್ಕಕ್ಕಿಡುತ್ತದೆ.

ಕಿವಿ ಪಳಗಿದ ಮೇಲೆ ಕೇಳಬೇಕಾದ್ದು ನುಡಿಸುವ ಶೈಲಿ. ಪೋಲೆಂಡಿನ ಪ್ರಧಾನಿಯೂ ಆಗಿದ್ದ ಪಾಡೆರೆವ್‌ಸ್ಕಿ ಎಪ್ಪತ್ತೈದು ದಾಟಿದ ಮೇಲೆ, 1937ರಲ್ಲಿ, ‘ಮೂನ್‌ಲೈಟ್’ ಸೊನಾಟಾ ಮುದ್ರಿಸಿದ್ದಾನೆ. ಅವನ ಎರಡು ಕೈಗಳು ಒಟ್ಟಿಗೆ ಬೀಳುವುದೇ ಅಪರೂಪ. ಎಡಗೈ ಮಂದ್ರವನ್ನು ಮೊದಲು ಇಡುತ್ತದೆ, ಒಂದು ಎಳೆ ತಡೆದು ಬಲಗೈಯ ಹಾಡು ಬರುತ್ತದೆ. ಇಂದಿನ ಕಿವಿಗೆ ಇದು ಅಭ್ಯಾಸ ಸಾಲದ ಕೈ ಎನಿಸಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಡನ್ನು ಎದ್ದು ಕಾಣಿಸುವ ಮಾನ್ಯ ಕ್ರಮವಾಗಿತ್ತು. ಸ್ವಾರಸ್ಯವೆಂದರೆ ಪಾಡೆರೆವ್‌ಸ್ಕಿಯೂ ಲೆಷೆಟಿಟ್ಸ್ಕಿಯ ಶಿಷ್ಯನೇ. ಒಬ್ಬ ಗುರುವಿನ ಇಬ್ಬರು ಶಿಷ್ಯರು ಒಬ್ಬನೇ ಬೇಥೋವನ್‌ನನ್ನು ಒಂದೇ ದಶಕದಲ್ಲಿ ನುಡಿಸಿದ್ದು ಇಷ್ಟು ದೂರ ದೂರ. ‘ಬೇಥೋವನ್‌ನಿಂದ ನೇರ ಬಂದ ಪಾಠ’ ಎಂದು ಪ್ಲೇಟಿನ ಹೊದಿಕೆಯ ಮೇಲೆ ಅಚ್ಚಾಗುವ ಹೆಗ್ಗಳಿಕೆಯನ್ನು ಅಳೆದು ಸುರಿಯಲು ಇಷ್ಟು ಸಾಕು.

ರಖ್ಮಾನಿನಫ್ 1930ರಲ್ಲಿ ಅಮೆರಿಕದಲ್ಲಿ ಮುದ್ರಿಸಿದ ಶೋಪಾಂನ ಬಿ ಫ್ಲ್ಯಾಟ್ ಮೈನರ್ ಸೊನಾಟಾ ಇನ್ನೊಂದು ಪಾಠ. ಶವಯಾತ್ರೆಯ ನಡೆ, ನಡುವಿನ ಮೃದುವಾದ ಹಾಡು ಮುಗಿದ ಮೇಲೆ ಮರಳಿ ಬರುವಾಗ ಅವನು ಅದನ್ನು ಸಿಡಿಲಿನಂತೆ ಎತ್ತಿಕೊಂಡು ಅಲ್ಲಿಂದ ಮೆಲ್ಲಮೆಲ್ಲನೆ ಇಳಿಸುತ್ತಾನೆ. ಮೆರವಣಿಗೆ ಎದುರಿಗೇ ಬಂದು, ಹಾದು, ದೂರವಾಗುತ್ತದೆ. ಶೋಪಾಂ ಹಾಗೆ ಬರೆದಿಲ್ಲ. ರಖ್ಮಾನಿನಫ್‌ಗಿಂತ ಮುಂಚೆ ಆಂಟನ್ ರೂಬಿನ್‌ಸ್ಟೈನ್ ಹೀಗೆ ನುಡಿಸುತ್ತಿದ್ದ. ಬರೆದದ್ದನ್ನು ಮೀರುವುದು ಅಪರಾಧವೆನಿಸದಿದ್ದ ಕಾಲ ಅದು. ಈಗ ಹಾಗೆ ನುಡಿಸಿದರೆ ವಿಮರ್ಶಕರು ಬೆನ್ನು ಹತ್ತುತ್ತಾರೆ. ಈ ಪ್ಲೇಟನ್ನು ಮಾತ್ರ ಹೊಗಳುತ್ತಾರೆ. ಕೊರ್ತೋ 1933ರಲ್ಲಿ ನುಡಿಸಿದ ಅದೇ ಸೊನಾಟಾದಲ್ಲಿ ತಪ್ಪು ಸ್ವರ ಧಾರಾಳ, ಕವಿತ್ವವೂ ಧಾರಾಳ. ಲಿಸ್ಟ್‌ನ ಬಿ ಮೈನರ್ ಸೊನಾಟಾಕ್ಕೆ ಭಾಗಗಳ ನಡುವೆ ನಿಲುಗಡೆಯೇ ಇಲ್ಲ, ಅರ್ಧ ಗಂಟೆಯ ಒಂದೇ ಓಟ. 1932ರಲ್ಲಿ ಲಂಡನ್ನಿನಲ್ಲಿ ಹೊರೊವಿಟ್ಸ್ ಅದನ್ನು ತುಂಡು ತುಂಡಾಗಿ ಮುದ್ರಿಸಿಯೂ ಓಟ ಉಳಿಸಿದ.

ಮೈಸೂರಿನ ಹೆಸರು ಈ ಚರಿತ್ರೆಯಲ್ಲಿ ಬರುವುದು ಕೇಳುಗನಾಗಿ, ಮತ್ತು ಹಣ ಕೊಟ್ಟು ನಡೆಸಿದ ಪೋಷಕನಾಗಿ. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಕನ್ನಡಿಗರಿಗೆ ಗೊತ್ತು. ಅವರು ಪಾಶ್ಚಾತ್ಯ ಪಿಯಾನೋವನ್ನು ಶ್ರದ್ಧೆಯಿಂದ ಕಲಿತವರು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆಗಿದ್ದವರು. ಅವರ ಅರಮನೆಯಲ್ಲಿ ಪ್ಲೇಟುಗಳ ಭಾರಿ ಸಂಗ್ರಹವಿತ್ತು. ಅವರ ಒಲವು ಬಿದ್ದದ್ದು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರನ ಮೇಲೆ. ರಖ್ಮಾನಿನಫ್‌ನ ಆಪ್ತ ಗೆಳೆಯ, ಹದಿನಾಲ್ಕು ಪಿಯಾನೋ ಸೊನಾಟಾಗಳ ಕರ್ತೃ ಮೆಟ್ನರ್, 1921ರಲ್ಲಿ ದೇಶ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ. ಯುದ್ಧದ ದಿನಗಳಲ್ಲಿ ಹೃದಯದ ಕಾಯಿಲೆ, ಪಾಠಕ್ಕೆ ಬರುವವರಿಲ್ಲ, ಕಚೇರಿಗಳಿಲ್ಲ. ಸಂಗೀತದ ರುಚಿ ಬದಲಾಗಿತ್ತು. ರಾಗಬದ್ಧ ಹಳೆಯ ಶೈಲಿಯನ್ನು ಬಿಡಲೊಲ್ಲದ ಅವನನ್ನು ಯುರೋಪು ಮರೆತಿತ್ತು.

ಮೈಸೂರಿನ ಹಣದಿಂದ 1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮಾದರಿ ಬೇಥೋವನ್ ಸೊಸೈಟಿಯದೇ, ಕಂಪನಿ ಎಚ್‌ಎಂವಿಯೇ, ನಡುವೆ ನಿಂತದ್ದು ವಾಲ್ಟರ್ ಲೆಗ್ಗೇ. ಚಂದಾದಾರರ ಜಾಗದಲ್ಲಿ ಮಾತ್ರ ಒಬ್ಬರೇ ಮಹಾರಾಜರು. ಅರವತ್ತೇಳರ ಮೆಟ್ನರ್ ತನ್ನ ಮೂರು ಕಾನ್ಚೆರ್ಟೋಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜತೆ ಮುದ್ರಿಸಿದ; ಸೊನಾಟಾ-ಬ್ಯಾಲೆಡ್ ಮೊದಲಾದ ಏಕವಾದ್ಯ ಕೃತಿಗಳನ್ನೂ ಗಾಯಕರೊಡನೆ ತನ್ನ ಹಾಡುಗಳನ್ನೂ ನುಡಿಸಿದ. ಅದರಲ್ಲಿ ಮುದುಕನ ನಿತ್ರಾಣ ಹುಡುಕಿದರೂ ಸಿಗದು. ಪೆಡಲ್ ಮಿತವಾಗಿದೆ, ಲಯ ಕಟ್ಟುನಿಟ್ಟಾಗಿದೆ, ದಟ್ಟವಾದ ಸ್ವರಜಾಲದ ಒಳದನಿಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಂದು ಮೆಟ್ನರನನ್ನು ರಖ್ಮಾನಿನಫ್‌ನ ನೆರಳಿನಂತೆ ರಮ್ಯವಾಗಿ ತೇಲಿಸಿ ನುಡಿಸುವವರು ಒಮ್ಮೆ ಈ ಪ್ಲೇಟುಗಳಿಗೆ ಕಿವಿಗೊಟ್ಟರೆ ಒಳ್ಳೆಯದು. ಮೂರನೆಯ ಕಾನ್ಚೆರ್ಟೋವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ 1950ರಲ್ಲಿ ಲಂಡನ್ನಿನಲ್ಲಿ ನಡೆದದ್ದಕ್ಕೂ ಒಡೆಯರ ನೆರವಿತ್ತು. ಮೈಸೂರಿನ ಸಂಗೀತ ಚರಿತ್ರೆ ಬರೆಯುವವರು ಇವನ್ನು ಅಡಿಟಿಪ್ಪಣಿಗೆ ತಳ್ಳುವುದು ಏಕೋ.

1950ರಷ್ಟು ಹೊತ್ತಿಗೆ ಟೇಪು ಬಂದಿತ್ತು, ಎಲ್.ಪಿ. ಬಂದಿತ್ತು. ರುಮೇನಿಯಾದ ದಿನು ಲಿಪಾಟಿ ಆ ವರ್ಷದ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋಂದಲ್ಲಿ ಕೊಟ್ಟ ಕಚೇರಿ ರೇಡಿಯೋದಿಂದಾಗಿ ಉಳಿದಿದೆ. ಕಾಯಿಲೆ ಉಲ್ಬಣಿಸಿತ್ತು, ವಯಸ್ಸು 33. ಮೊಜಾರ್ಟ್‌ನ ಎ ಮೈನರ್ ಸೊನಾಟಾ ಅದರಲ್ಲಿದೆ. ಕೃತಿಗೆ ಕೈಹಾಕುವ ಮುನ್ನ ಅವನು ಕೆಲವು ಸ್ವರಗಳನ್ನು ಹಗುರಾಗಿ ಹರಡಿ ಶ್ರುತಿಗೆ ದಾರಿ ಮಾಡಿಕೊಳ್ಳುವುದು ಹಾಗೇ ಮುದ್ರಣವಾಗಿದೆ. ಹಿಂದಿನ ಪಿಯಾನೋವಾದಕರೆಲ್ಲರ ರೂಢಿ ಇದು. ಸ್ಟುಡಿಯೋದ ಪ್ಲೇಟುಗಳಲ್ಲಿ ಸಮಯವಿಲ್ಲವೆಂದು ಬಿಟ್ಟುಹೋಗಿತ್ತು. ಕಚೇರಿಯ ಕೊನೆಗೆ ಶೋಪಾಂನ ಹದಿನಾಲ್ಕು ವಾಲ್ಟ್ಸ್‌ಗಳಲ್ಲಿ ಹದಿಮೂರನ್ನು ನುಡಿಸುವಷ್ಟಕ್ಕೆ ಶಕ್ತಿ ಮುಗಿಯಿತು. ಡಿಸೆಂಬರ್ 2ರಂದು ತೀರಿಕೊಂಡ. ಇದೆಲ್ಲ ತಿಳಿದ ಕಿವಿ ಆ ಮೊಜಾರ್ಟಿನಲ್ಲಿ ಸಾವನ್ನು ಕೇಳಹೋಗುತ್ತದೆ. ವಾದನ ನಿಜಕ್ಕೂ ಚುರುಕಾಗಿದೆ, ನೇರವಾಗಿದೆ. ಹೆಸರು, ಕಥೆ ಕಿವಿಯನ್ನು ಹೇಗೆ ಆಳುತ್ತವೆ ಎಂಬುದಕ್ಕೆ ಲಿಪಾಟಿಯ ಹೆಸರಿನಲ್ಲೇ ಒಂದು ನಿದರ್ಶನವಿದೆ. ಅವನದೆಂದು 1960ರ ದಶಕದಲ್ಲಿ ಹೊರಬಂದ ಶೋಪಾಂ ಕಾನ್ಚೆರ್ಟೋ ಒಂದನ್ನು ಹದಿನೈದು ವರ್ಷ ಎಲ್ಲರೂ ತಲೆದೂಗಿ ಕೇಳಿದರು. 1981ರಲ್ಲಿ ಅದು ಪೋಲೆಂಡಿನ ಹಲೀನಾ ಚೆರ್ನಿ-ಸ್ಟೆಫಾನ್ಸ್ಕಾ ನುಡಿಸಿದ್ದೆಂದು ಬಯಲಾಯಿತು. ಅದುವರೆಗೆ ಆಕೆಯ ಅದೇ ಮುದ್ರಣಕ್ಕೆ ಅಷ್ಟು ತಲೆಗಳು ತೂಗಿರಲಿಲ್ಲ.

ಟೇಪಿನ ಕಾಲದಲ್ಲಿ ಉದ್ದದ ತೊಡಕು ತೀರಿತು, ತಪ್ಪು ಸ್ವರಕ್ಕೆ ಕತ್ತರಿ ಬಂತು. ಆದರೂ ಮೂವತ್ತೆರಡನ್ನೂ ಮುಗಿಸುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಇಂಗ್ಲೆಂಡಿನ ಸೊಲೊಮನ್ ಅರ್ಧ ದಾಟಿದ್ದಾಗ, 1956ರಲ್ಲಿ, ಪಾರ್ಶ್ವವಾಯು ಬಡಿದು ಕೈ ನಿಂತಿತು; ಆಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ಬದುಕಿದ್ದರೂ ಮತ್ತೆ ನುಡಿಸಲಾಗಲಿಲ್ಲ. ರಷ್ಯಾದ ಎಮಿಲ್ ಗಿಲೆಲ್ಸ್ 1985ರಲ್ಲಿ ತೀರಿಕೊಂಡಾಗ ಐದು ಸೊನಾಟಾಗಳು ಬಾಕಿ ಉಳಿದಿದ್ದವು, ಓಪಸ್ 111 ಅವುಗಳಲ್ಲೊಂದು. ಹಂಗೇರಿಯ ಆನಿ ಫಿಶರ್‌ಳದು ಇನ್ನೊಂದು ಬಗೆ. ಆಕೆ 1970ರ ದಶಕದ ಕೊನೆಯಿಂದ ಬುಡಾಪೆಸ್ಟಿನಲ್ಲಿ ಮೂವತ್ತೆರಡನ್ನೂ ಮುದ್ರಿಸಿದಳು. ಶ್ನಾಬೆಲ್‌ಗೆ ಇಲ್ಲದಿದ್ದ ಎಲ್ಲ ಅನುಕೂಲವೂ ಆಕೆಗಿತ್ತು: ಬೇಕಾದಷ್ಟು ಸಲ ನುಡಿಸಬಹುದು, ಕೇಳಬಹುದು, ತಿದ್ದಬಹುದು, ಸಾಲನ್ನು ಸಾಲಿಗೆ ಅಂಟಿಸಬಹುದು. ಕೇಳಿದಷ್ಟೂ ಆಕೆಗೆ ಕೊರತೆಯೇ ಕಾಣಿಸಿತು, ವರ್ಷಗಟ್ಟಲೆ ತಿದ್ದುತ್ತಲೇ ಹೋದಳು, ಬದುಕಿರುವವರೆಗೆ ಬಿಡುಗಡೆಗೆ ಒಪ್ಪಿಗೆ ಕೊಡಲಿಲ್ಲ. 1995ರಲ್ಲಿ ಆಕೆ ತೀರಿಕೊಂಡ ಮೇಲೆ ಕಂಪನಿ ಅವನ್ನು ಹೊರತಂದಿತು. ಶ್ನಾಬೆಲ್‌ನ ಪಕ್ಕದಲ್ಲಿಡಬಹುದಾದ ಕೆಲವೇ ಮುದ್ರಣಗಳಲ್ಲಿ ಅದೂ ಒಂದು ಎಂದು ಬಲ್ಲವರು ಎಣಿಸುತ್ತಾರೆ.